ಗಾಡಿಯ ಜೊತೆಗೊಂದು ಸಲಕರಣೆಯ ಚೀಲ: ಓದುಗರ ಪ್ರಶ್ನೆಗಳಿಗೆ ಉತ್ತರ

ದ್ವಿಚಕ್ರ ವಾಹನಗಳ ನಿರ್ವಹಣೆಯ ಕುರಿತು ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿವೆ: ದೂರದ ಪ್ರಯಾಣಕ್ಕೆ ಹೊರಡುವಾಗ ಗಾಡಿಯಲ್ಲಿ ಯಾವ ಉಪಕರಣ, ಯಾವ ಬಿಡಿಭಾಗ ಇರಬೇಕು ಎಂಬುದು. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ತೆಗೆದಿರಿಸಿ, ಇವುಗಳಿಗಷ್ಟೇ ಇಲ್ಲಿ ಉತ್ತರಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ.

ಪ್ರಶ್ನೆ: ಹೊಸದಾಗಿ ಗೇರ್ ಬೈಕ್ ಕೊಂಡಿದ್ದೇನೆ. ಕಂಪನಿಯವರು ಕೊಟ್ಟ ಟೂಲ್ ಕಿಟ್‌ನಲ್ಲಿ ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಸ್ಪ್ಯಾನರ್ ಮಾತ್ರ ಇವೆ. ಗೆಳೆಯರೊಬ್ಬರು ನಲವತ್ತು ಸಾಮಾನುಗಳ ಪಟ್ಟಿಯನ್ನೇ ಬರೆದುಕೊಟ್ಟಿದ್ದಾರೆ. ಅಷ್ಟೂ ಬೇಕೆ?

ಉತ್ತರ: ಬೇಡ. ಆ ಪಟ್ಟಿ ನಿಮ್ಮ ಗೆಳೆಯರ ಗಾಡಿಗೆ ಸರಿಯಿರಬಹುದು. ನಿಮ್ಮ ಗಾಡಿಯ ಪಟ್ಟಿಯನ್ನು ನಿಮ್ಮ ಗಾಡಿಯಿಂದಲೇ ಕೇಳಿ ತಿಳಿಯಬೇಕು. ಅದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಒಂದೇ. ಬಿಡುವಿನ ಒಂದು ಬೆಳಗ್ಗೆ ಗಾಡಿಯನ್ನು ಸೆಂಟರ್ ಸ್ಟಾಂಡ್ ಹಾಕಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಹಳೆಯ ಬಟ್ಟೆ ಹಾಸಿ, ರಸ್ತೆಬದಿಯಲ್ಲಿ ಮಾಡಬೇಕಾಗಿ ಬರಬಹುದಾದ ಕೆಲಸಗಳನ್ನು ಒಂದೊಂದಾಗಿ ಮಾಡಿ ನೋಡಿ: ಬ್ಯಾಟರಿಯ ಟರ್ಮಿನಲ್ ಸಡಿಲಿಸಿ ಮತ್ತೆ ಬಿಗಿ ಮಾಡುವುದು, ಸ್ಪಾರ್ಕ್ ಪ್ಲಗ್ ತೆಗೆದು ಹಾಕುವುದು, ಕ್ಲಚ್ ಕೇಬಲ್‌ನ ಆಟವನ್ನು (ಸಡಿಲವನ್ನು) ಹೊಂದಿಸುವುದು, ಚೈನ್ ಬಿಗಿಗೊಳಿಸುವುದು, ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳ ಬೋಲ್ಟು ತಿರುಗಿಸುವುದು, ಹಿಂದಿನ ಚಕ್ರವನ್ನು ಬಿಚ್ಚುವುದು. ಪ್ರತಿ ಕೆಲಸಕ್ಕೂ ಕೈಗೆ ಬಂದ ಉಪಕರಣವನ್ನು ಆ ಬಟ್ಟೆಯ ಮೇಲಿಡಿ. ಕೆಲಸ ಮುಗಿದಾಗ ಬಟ್ಟೆಯ ಮೇಲೆ ಏನಿದೆಯೋ ಅದೇ ನಿಮ್ಮ ಕಿಟ್. ಬಟ್ಟೆಯ ಮೇಲೆ ಬಾರದೆ ಪೆಟ್ಟಿಗೆಯಲ್ಲೇ ಉಳಿದದ್ದು ಮನೆಯಲ್ಲೇ ಇರಲಿ.

ಹೀಗೆ ಮಾಡಿದವರ ಬಟ್ಟೆಯ ಮೇಲೆ ಸಾಮಾನ್ಯವಾಗಿ 8, 10, 12 ಮತ್ತು 14 ಮಿ.ಮೀ. ಸ್ಪ್ಯಾನರ್‌ಗಳು, 4, 5, 6 ಮಿ.ಮೀ. ಅಲೆನ್ ಕೀಗಳು, ಪ್ಲಗ್ ಸ್ಪ್ಯಾನರ್, ತಿರುಗಿಸಿ ಹಾಕಿಕೊಳ್ಳುವ ಪ್ಲಸ್-ಮೈನಸ್ ಸ್ಕ್ರೂಡ್ರೈವರ್ ಮತ್ತು ಒಂದು ಕಟಿಂಗ್ ಪ್ಲೇಯರ್ ಬಂದು ಕೂರುತ್ತವೆ. ಜಪಾನಿನ ಪದ್ಧತಿಯ ಗಾಡಿಗಳಲ್ಲಿ 6 ಮಿ.ಮೀ. ಬೋಲ್ಟಿನ ತಲೆ 10ರ ಸ್ಪ್ಯಾನರ್‌ಗೂ, 8 ಮಿ.ಮೀ. ಬೋಲ್ಟಿನ ತಲೆ 12ರ ಸ್ಪ್ಯಾನರ್‌ಗೂ ಹೊಂದುತ್ತದೆ. ಯುರೋಪಿನ ಪದ್ಧತಿಯ ಗಾಡಿಗಳಲ್ಲಿ ಅದೇ 8 ಮಿ.ಮೀ. ಬೋಲ್ಟಿಗೆ 13ರ ಸ್ಪ್ಯಾನರ್ ಬೇಕು. ಈ ಒಂದು ಮಿಲಿಮೀಟರ್ ವ್ಯತ್ಯಾಸದಿಂದಲೇ ಒಬ್ಬರ ಕಿಟ್ ಇನ್ನೊಬ್ಬರಿಗೆ ಒದಗದೆ ಹೋಗುವುದುಂಟು. ಸಡಿಲವಾಗಿ ಕೂರುವ ಸ್ಪ್ಯಾನರ್ ಬೋಲ್ಟಿನ ಮೂಲೆಗಳನ್ನು ಸವೆಸಿಬಿಟ್ಟರೆ ಆಮೇಲೆ ಸರಿಯಾದ ಸ್ಪ್ಯಾನರ್ ಸಿಕ್ಕಿಯೂ ಪ್ರಯೋಜನವಿಲ್ಲ. ಆದ್ದರಿಂದ ಬಾಯಗಲ ಹೊಂದಿಸಿಕೊಳ್ಳುವ ಸ್ಕ್ರೂ ಸ್ಪ್ಯಾನರ್ ಒಂದಿದ್ದರೆ ಎಲ್ಲಕ್ಕೂ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹೆಚ್ಚಿನವರು ಮರೆಯುವುದು ಚಕ್ರದ ಆ್ಯಕ್ಸಲ್ ನಟ್ಟಿನ ಸ್ಪ್ಯಾನರನ್ನು. ಅದು ಗಾಡಿಗನುಸಾರ 17, 19, 22, 24 ಅಥವಾ 27 ಮಿ.ಮೀ. ಇರಬಹುದು, ಭಾರವೂ ಹೌದು. ಆ ಭಾರದ ಕಾರಣಕ್ಕೇ ನಾನೂ ಒಮ್ಮೆ ಅದನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ. ಹಿಂದಿನ ಟಯರು ಕೂತಾಗ ನನ್ನ ಬಳಿ ಹೊಸ ಟ್ಯೂಬ್ ಇತ್ತು, ಟಯರ್ ಲಿವರ್ ಇತ್ತು, ಪಂಪ್ ಇತ್ತು. ಆದರೆ ಚಕ್ರವನ್ನು ಗಾಡಿಯಿಂದ ಬೇರೆ ಮಾಡುವ ದಾರಿ ಇರಲಿಲ್ಲ. ಎರಡು ಗಂಟೆ ಗಾಡಿಯನ್ನು ತಳ್ಳಿದ ಮೇಲೆ, ಚೀಲದಲ್ಲಿ ಒಂದು ಕೆಲಸದ ಸಾಮಾನು ಪೂರ್ತಿ ಇರಬೇಕು, ಇಲ್ಲವಾದರೆ ಆ ಕೆಲಸದ್ದು ಏನೂ ಇರಬಾರದು ಎಂಬುದು ನನಗೆ ಚೆನ್ನಾಗಿ ಮನವರಿಕೆಯಾಯಿತು.

ಇನ್ನು ಕಂಪನಿಯ ಕಿಟ್. ಅದರ ಪ್ಲಗ್ ಸ್ಪ್ಯಾನರ್ ನಿಮ್ಮ ಎಂಜಿನ್ನಿನ ಇಕ್ಕಟ್ಟಿಗೆ ಅಳತೆ ಮಾಡಿ ಮಾಡಿದ್ದು, ಅದನ್ನು ಬಿಸಾಡಬೇಡಿ. ತಗಡಿನಂತಹ ಸ್ಪ್ಯಾನರ್‌ಗಳನ್ನು ಮಾತ್ರ ಬದಲಾಯಿಸಿ. ಪ್ಲಸ್ ಸ್ಕ್ರೂಗಳ ಬಗ್ಗೆಯೂ ಒಂದು ಎಚ್ಚರಿಕೆ: ತಲೆಯ ಮೇಲೆ ಸಣ್ಣ ಚುಕ್ಕೆಯಿರುವ ಸ್ಕ್ರೂ ಜಪಾನಿನ ಮಾನದಂಡದ್ದು. ಅದಕ್ಕೆ ಮಾಮೂಲಿ ಫಿಲಿಪ್ಸ್ ತುದಿಯ ಸ್ಕ್ರೂಡ್ರೈವರ್ ಹಾಕಿದರೆ ತುದಿ ತಳದವರೆಗೆ ಕೂರದೆ ಮೇಲಕ್ಕೆ ಜಾರಿ ತೋಡನ್ನು ಕೆಡಿಸುತ್ತದೆ. ಅಂತಹ ಸ್ಕ್ರೂಗೆ ಕಂಪನಿಯ ಸ್ಕ್ರೂಡ್ರೈವರ್ ನೋಡಲು ಬಡಕಲಾಗಿದ್ದರೂ ಹೆಚ್ಚು ಸರಿಯಾಗಿ ಕೂರುತ್ತದೆ.

ಪಟ್ಟಿಗೆ ನಾನಾಗಿ ಸೇರಿಸುವುದು ಒಂದನ್ನು ಮಾತ್ರ, ಕಚ್ಚಿ ಹಿಡಿದು ನಿಲ್ಲುವ ಲಾಕಿಂಗ್ ಪ್ಲೇಯರ್. ಬಿದ್ದು ಗೇರ್ ಪೆಡಲ್ ಮುರಿದಾಗ ಅದರ ಶಾಫ್ಟಿಗೆ ಇದನ್ನು ಕಚ್ಚಿಸಿ ಗೇರ್ ಬದಲಾಯಿಸಬಹುದು. ತಲೆ ಸವೆದ ಬೋಲ್ಟನ್ನು ಹಿಡಿದು ತಿರುಗಿಸಬಹುದು. ತುಂಡಾದ ಕೇಬಲ್ಲಿನ ತುದಿಯನ್ನು ಹಿಡಿದು ಎಳೆಯಬಹುದು. ಪೂರ್ಣ ಗಾತ್ರದ್ದು ಬೇಡ, ಅಂಗೈಯಷ್ಟು ಉದ್ದದ್ದು ಸಾಕು.

ಪ್ರಶ್ನೆ: ಮಧ್ಯದಾರಿಯಲ್ಲಿ ಗಾಡಿ ನಿಂತುಹೋದರೆ ಮೊದಲು ಯಾವ ಉಪಕರಣವನ್ನು ಹೊರತೆಗೆಯಬೇಕು?

ಉತ್ತರ: ಯಾವುದನ್ನೂ ಅಲ್ಲ. ಮೊದಲು ಹ್ಯಾಂಡಲ್ಲಿನ ಮೇಲಿರುವ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿ. ಕೈಗವಸು ತಾಗಿ ಅದು ಆಫ್ ಆಗಿರಬಹುದು. ಸೈಡ್ ಸ್ಟಾಂಡ್ ಪೂರ್ತಿ ಮೇಲೆದ್ದಿದೆಯೇ ನೋಡಿ. ಸ್ಟಾಂಡ್ ಇಳಿದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ಸ್ವಿಚ್ ಇಂದಿನ ಅನೇಕ ಗಾಡಿಗಳಲ್ಲಿದೆ, ಅದರ ಸುತ್ತ ಕೆಸರು ಮೆತ್ತಿದರೆ ಸ್ಟಾಂಡ್ ಮೇಲಿದ್ದರೂ ಇಳಿದಿದೆ ಎಂದೇ ಅದು ತಿಳಿಯುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಹಳೆಯ ಗಾಡಿಯಾದರೆ ಕಾಕ್ ತೆರೆದಿದೆಯೇ ನೋಡಿ. ಇಷ್ಟಾದ ಮೇಲೆ ಬ್ಯಾಟರಿಯ ಟರ್ಮಿನಲ್, ನಂತರ ಫ್ಯೂಸ್, ಕೊನೆಗೆ ಪ್ಲಗ್. ಪೂರ್ತಿ ಸೀಟು, ಟ್ಯಾಂಕು ಬಿಚ್ಚಿ ರಸ್ತೆಬದಿ ಹರಡಿದ ಮೇಲೆ ಕಿಲ್ ಸ್ವಿಚ್ ಕಂಡವರನ್ನು ನಾನು ಒಬ್ಬರಿಗಿಂತ ಹೆಚ್ಚು ನೋಡಿದ್ದೇನೆ.

ಪ್ರಶ್ನೆ: ನನ್ನದು ಟ್ಯೂಬ್‌ಲೆಸ್ ಟಯರ್, ತಮ್ಮನ ಬೈಕಿನದು ಕಡ್ಡಿ ಚಕ್ರ, ಟ್ಯೂಬ್ ಇರುವುದು. ಇಬ್ಬರೂ ಕೂಡಿ ಹೊರಟಾಗ ಪಂಕ್ಚರ್‌ಗಾಗಿ ಏನು ಇಟ್ಟುಕೊಳ್ಳಬೇಕು? ಗ್ಯಾಸ್ ಕ್ಯಾಪ್ಸೂಲ್ ಒಳ್ಳೆಯದೋ, ಪಂಪ್ ಒಳ್ಳೆಯದೋ?

ಉತ್ತರ: ಒಟ್ಟಿಗೆ ಹೊರಟರೂ ಇವೆರಡು ಬೇರೆ ಬೇರೆ ಕೆಲಸಗಳು, ಆದ್ದರಿಂದ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಟ್ಯೂಬ್‌ಲೆಸ್‌ಗೆ ಬೇಕಾದದ್ದು ಅರದಂತೆ ಒರಟಾಗಿರುವ ಚುಚ್ಚುಕಡ್ಡಿ, ಕಣ್ಣಿರುವ ಸೂಜಿ, ಅಂಟಂಟಾದ ರಬ್ಬರ್ ಬತ್ತಿಗಳು, ಒಂದು ಸಣ್ಣ ಟ್ಯೂಬ್ ಸೊಲ್ಯೂಷನ್, ಬ್ಲೇಡು ಮತ್ತು ಗಾಳಿ ತುಂಬುವ ಸಾಧನ. ಮೊಳೆ ಕಂಡ ಕೂಡಲೇ ಅದನ್ನು ಕೀಳಬೇಡಿ. ಗಾಳಿ ನಿಧಾನವಾಗಿ ಇಳಿಯುತ್ತಿದ್ದು, ಪಂಕ್ಚರ್ ಅಂಗಡಿ ಹತ್ತಿರದಲ್ಲಿದ್ದರೆ, ಗಾಳಿ ತುಂಬಿಕೊಂಡು ಮೊಳೆಯೊಂದಿಗೇ ನಿಧಾನವಾಗಿ ಅಲ್ಲಿಗೆ ಹೋಗುವುದೇ ಜಾಣತನ. ಕೀಳಲೇಬೇಕಾದರೆ ಮೊದಲು ಸೂಜಿಗೆ ಬತ್ತಿಯನ್ನು ಅರ್ಧಕ್ಕೆ ಪೋಣಿಸಿ, ಸೊಲ್ಯೂಷನ್ ಸವರಿ, ಎಲ್ಲವನ್ನೂ ಕೈಗೆಟುಕುವಂತೆ ಇಟ್ಟುಕೊಳ್ಳಿ. ಮೊಳೆ ಯಾವ ಕೋನದಲ್ಲಿ ಹೊಕ್ಕಿದೆ ಎಂಬುದನ್ನು ಗಮನಿಸಿ ಕಿತ್ತು, ಅದೇ ಕೋನದಲ್ಲಿ ಚುಚ್ಚುಕಡ್ಡಿಯನ್ನು ನಾಲ್ಕಾರು ಬಾರಿ ಒಳಗೆ ಹೊರಗೆ ಆಡಿಸಿ ತೂತನ್ನು ಒರಟು ಮಾಡಿ. ಬಳಿಕ ಸೂಜಿಯನ್ನು ಬಲವಾಗಿ ಒತ್ತಿ. ಬತ್ತಿಯ ಎರಡೂ ತುದಿಗಳು ಬೆರಳಿನ ಉಗುರಿನಷ್ಟು ಹೊರಗುಳಿದಾಗ ನಿಲ್ಲಿಸಿ, ಒಂದೇ ಝಟಕಿಗೆ ಸೂಜಿಯನ್ನು ಎಳೆದುಬಿಡಿ. ಬತ್ತಿ ಒಳಗುಳಿಯುತ್ತದೆ, ಸೂಜಿ ಕೈಗೆ ಬರುತ್ತದೆ. ಹೊರಗಿನ ತುದಿಗಳನ್ನು ರಬ್ಬರಿನ ಮಟ್ಟಕ್ಕಿಂತ ತುಸು ಎತ್ತರದಲ್ಲಿ ಕತ್ತರಿಸಿ, ಗಾಳಿ ತುಂಬಿ, ಒದ್ದೆ ಬೆರಳಿನಿಂದ ಸವರಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ಇದೆಲ್ಲ ನೆಲ ಮುಟ್ಟುವ ಭಾಗದ ತೂತಿಗೆ ಮಾತ್ರ. ಟಯರಿನ ಪಕ್ಕದ ಗೋಡೆ ಸೀಳಿದ್ದರೆ, ಅಥವಾ ತೂತು 6 ಮಿ.ಮೀ.ಗಿಂತ ದೊಡ್ಡದಿದ್ದರೆ ಬತ್ತಿ ಹಾಕಬಾರದು. ಹಾಕಿದ ಬತ್ತಿಯನ್ನೂ ಕಾಯಂ ರಿಪೇರಿ ಎಂದು ನಂಬಬಾರದು. ವೇಗ ತಗ್ಗಿಸಿ ಊರು ಸೇರಿ, ಟಯರನ್ನು ಬಿಚ್ಚಿಸಿ ಒಳಗಿನಿಂದ ಸರಿ ಮಾಡಿಸಿ.

ಚುಚ್ಚುಕಡ್ಡಿಯ ಹಿಡಿ ಆಂಗ್ಲ ಟೀ ಅಕ್ಷರದ ಆಕಾರದಲ್ಲಿ, ಅಡ್ಡಕ್ಕೆ ಇರಬೇಕು. ಹೊಸ ಟಯರಿನ ರಬ್ಬರ್ ಎಷ್ಟು ಗಟ್ಟಿಯೆಂದರೆ, ಸ್ಕ್ರೂಡ್ರೈವರಿನಂತಹ ನೇರ ಹಿಡಿ ಹಿಡಿದು ಒತ್ತುವವನ ಅಂಗೈಯಲ್ಲಿ ಬೊಕ್ಕೆ ಏಳುತ್ತದೆಯೇ ಹೊರತು ಕಡ್ಡಿ ಒಳಹೋಗುವುದಿಲ್ಲ. ಕೊಳ್ಳುವಾಗ ಇದೊಂದನ್ನು ನೋಡಿಕೊಂಡರೆ ಸಾಕು.

ನಿಮ್ಮ ತಮ್ಮನ ಗಾಡಿಗೆ ಒಂದು ಹೊಸ ಟ್ಯೂಬ್, ಎರಡು ಅಥವಾ ಮೂರು ಟಯರ್ ಲಿವರ್, ಪ್ಯಾಚು, ಮರಳು ಕಾಗದ, ಸೊಲ್ಯೂಷನ್ ಮತ್ತು ಆ್ಯಕ್ಸಲ್ ಸ್ಪ್ಯಾನರ್ ಬೇಕು. ರಸ್ತೆಬದಿಯಲ್ಲಿ ಪ್ಯಾಚ್ ಹಾಕುತ್ತ ಕೂರುವುದಕ್ಕಿಂತ ಟ್ಯೂಬನ್ನೇ ಬದಲಾಯಿಸುವುದು ಲೇಸು. ಪ್ಯಾಚು ಎರಡನೆಯ ಪಂಕ್ಚರ್‌ಗೆಂದು ಇರಲಿ. ಟಯರು ಎದ್ದು ಬರದಿದ್ದರೆ ಲಿವರಿಗೆ ಬಲ ಹಾಕಬೇಡಿ. ರಿಮ್ಮಿನ ನಡುವೆ ತಗ್ಗಾದ ಕಾಲುವೆಯಿರುತ್ತದೆ. ಎದುರು ಬದಿಯಲ್ಲಿ ಟಯರಿನ ಅಂಚನ್ನು ಮೊಣಕಾಲಿನಿಂದ ಆ ಕಾಲುವೆಗೆ ಒತ್ತಿ ಹಿಡಿದರೆ ಈ ಬದಿಯಲ್ಲಿ ಬೇಕಾದಷ್ಟು ಸಡಿಲ ತಾನಾಗಿಯೇ ಸಿಗುತ್ತದೆ. ಹೊಸ ಟ್ಯೂಬನ್ನು ಸೇರಿಸುವ ಮುನ್ನ ಟಯರಿನ ಒಳಮೈಯನ್ನು ಬಟ್ಟೆ ಹಿಡಿದು ಸುತ್ತಲೂ ಒರೆಸಿ. ಮೊಳೆ ಅಲ್ಲೇ ಉಳಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ, ಬರಿಗೈಯಾದರೆ ಬೆರಳಿಗೆ ಚುಚ್ಚುತ್ತದೆ. ಟ್ಯೂಬಿಗೆ ದುಂಡಾಗುವಷ್ಟು ಮಾತ್ರ ಗಾಳಿ ಕೊಟ್ಟು ಒಳಸೇರಿಸಿದರೆ ಲಿವರಿನ ಬಾಯಿಗೆ ಸಿಕ್ಕಿ ಹರಿಯುವ ಸಂಭವ ಕಡಿಮೆ.

ಸೊಲ್ಯೂಷನ್ ಟ್ಯೂಬಿನ ಬಗ್ಗೆ ಒಂದು ಮಾತು. ಒಮ್ಮೆ ಮುಚ್ಚಳ ಚುಚ್ಚಿ ತೆರೆದ ಸೊಲ್ಯೂಷನ್ ಕೆಲವು ತಿಂಗಳಲ್ಲಿ ಒಳಗೊಳಗೇ ಒಣಗುತ್ತದೆ. ಹೊರಗಿನಿಂದ ಟ್ಯೂಬ್ ದುಂಡಗೆ ತುಂಬಿದಂತೆಯೇ ಕಾಣುತ್ತದೆ. ಒಂದು ಸಂಜೆ ನಾನು ಅಂತಹ ಟ್ಯೂಬನ್ನು ಹಿಂಡಿ ಹಿಂಡಿ, ಕೊನೆಗೆ ಬ್ಲೇಡಿನಿಂದ ಸೀಳಿ ನೋಡಿದಾಗ ಒಳಗಿದ್ದದ್ದು ಬೆಲ್ಲದ ಬಣ್ಣದ, ಬೆರಳಿಗೆ ಅಂಟದ ಒಂದು ರಬ್ಬರ್ ಉಂಡೆ. ಅಂದಿನಿಂದ ತೆರೆಯದ ಎರಡು ಸಣ್ಣ ಟ್ಯೂಬುಗಳನ್ನು ಇಟ್ಟುಕೊಳ್ಳುತ್ತೇನೆ. ಒಂದನ್ನು ತೆರೆದರೆ ಮನೆಗೆ ಬಂದ ಮೇಲೆ ಅದನ್ನು ಚೀಲಕ್ಕೆ ಹಿಂದಿರುಗಿಸುವುದಿಲ್ಲ.

ಗ್ಯಾಸ್ ಕ್ಯಾಪ್ಸೂಲಿನಲ್ಲಿರುವುದು ಇಂಗಾಲದ ಡೈಆಕ್ಸೈಡ್. ಕ್ಷಣದಲ್ಲಿ ತುಂಬುತ್ತದೆ ಎಂಬುದು ನಿಜ, ಆದರೆ 16 ಗ್ರಾಂನ ಒಂದು ಕ್ಯಾಪ್ಸೂಲ್ ಬೈಕಿನ ಟಯರಿಗೆ ಸಾಲದು, ಎರಡು ಮೂರು ಬೇಕಾಗುತ್ತವೆ. ಬಿಡುಗಡೆಯಾಗುವಾಗ ಕ್ಯಾಪ್ಸೂಲ್ ಹಿಮಗಟ್ಟುವಷ್ಟು ತಣ್ಣಗಾಗುವುದರಿಂದ ಬರಿಗೈಯಲ್ಲಿ ಹಿಡಿಯಬಾರದು. ಈ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುತ್ತದೆ, ಆದ್ದರಿಂದ ಆದಷ್ಟು ಬೇಗ ಮಾಮೂಲಿ ಗಾಳಿ ತುಂಬಿಸಬೇಕು. ಬತ್ತಿ ಸರಿಯಾಗಿ ಕೂರದೆ ಎರಡನೆಯ ಬಾರಿ ಹಾಕಬೇಕಾಗಿ ಬಂದರೆ ಕ್ಯಾಪ್ಸೂಲು ಮುಗಿದಿರುತ್ತದೆ, ಪಂಪು ಮುಗಿಯುವುದಿಲ್ಲ. ಹಾಗಾಗಿ ನನ್ನ ಆಯ್ಕೆ ಕೈಪಂಪು. ತೋಳು ನೋಯುತ್ತದೆ, ಅಷ್ಟೇ. ಬ್ಯಾಟರಿಯಿಂದ ಓಡುವ 12 ವೋಲ್ಟಿನ ಸಣ್ಣ ಕಂಪ್ರೆಸರ್ ಇದ್ದರೆ ಎಂಜಿನ್ ಚಾಲೂ ಇಟ್ಟುಕೊಂಡು ಬಳಸಿ, ಫ್ಯೂಸ್ ಇರುವ ವೈರಿನ ಮೂಲಕವೇ ಜೋಡಿಸಿ. ಇವುಗಳ ಜೊತೆಗೆ ಒಂದು ಗಾಳಿಯ ಮಾಪಕ, ಒಂದೆರಡು ವಾಲ್ವ್ ಪಿನ್, ಅದನ್ನು ತಿರುಗಿಸುವ ಬೆರಳುದ್ದದ ಕೀ. ಪಂಕ್ಚರ್ ಎಲ್ಲೂ ಕಾಣದೆ ಗಾಳಿ ಇಳಿಯುತ್ತಿದ್ದರೆ ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಅಲ್ಲಿ ಗುಳ್ಳೆ ಬಂದರೆ ಆ ಪುಟ್ಟ ಪಿನ್ನೇ ನಿಮ್ಮ ದಿನವನ್ನು ಉಳಿಸುತ್ತದೆ.

ಪ್ರಶ್ನೆ: ನಾನು ಗೇರಿಲ್ಲದ ಸ್ಕೂಟರ್ ಓಡಿಸುವವಳು. ಬೈಕಿನವರ ಪಟ್ಟಿಯಲ್ಲಿ ಚೈನು, ಕ್ಲಚ್ಚು ಎಂದೆಲ್ಲ ಇರುತ್ತದೆ. ನನಗೆ ಏನು ಬೇಕು? ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು: ಆಗುವುದಿಲ್ಲ. ನಿಮ್ಮ ಸ್ಕೂಟರಿನಲ್ಲಿ ಎಂಜಿನ್ ಸಾಕಷ್ಟು ವೇಗವಾಗಿ ತಿರುಗಿದಾಗ ಮಾತ್ರ ಹೊರಚಿಮ್ಮಿ ಹಿಡಿಯುವ ಅಪಕೇಂದ್ರ ಕ್ಲಚ್ ಇದೆ. ಎಂಜಿನ್ ನಿಂತಿದ್ದಾಗ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಇರುವುದಿಲ್ಲ, ಎಷ್ಟು ತಳ್ಳಿದರೂ ಬರಿಯ ಚಕ್ರ ಉರುಳುತ್ತದೆ. ಕಿಕ್ ಇದ್ದರೆ ಅದೇ ಆಸರೆ. ಕಿಕ್ ಇಲ್ಲದ ಸ್ಕೂಟರಿನವರು ದೂರ ಹೋಗುವಾಗ ಸಣ್ಣ ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಪಂಪಿಗೂ ಕಂಪ್ಯೂಟರಿಗೂ ಒಂದಷ್ಟು ವಿದ್ಯುತ್ ಬೇಕೇ ಬೇಕು, ಆದ್ದರಿಂದ ಗೇರ್ ಬೈಕಿನವರೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ. ಸದ್ದಿಲ್ಲದೆ ಸ್ಟಾರ್ಟರ್ ನಿಂತಾಗ ಹೊಸ ಬ್ಯಾಟರಿ ಎಂದು ನಿಶ್ಚಯಿಸುವ ಮೊದಲು ಟರ್ಮಿನಲ್ ಬೋಲ್ಟನ್ನು ಕೈಯಲ್ಲಿ ಅಲ್ಲಾಡಿಸಿ. ಕುಲುಕಾಟಕ್ಕೆ ಅದು ಸಡಿಲವಾಗಿರುವುದೇ ಹೆಚ್ಚು.

ಚೈನಿನ ಜಾಗದಲ್ಲಿ ನಿಮಗಿರುವುದು ರಬ್ಬರ್ ಬೆಲ್ಟ್. ಅದು ತುಂಡಾದರೆ ಎಂಜಿನ್ ಗುರುಗುಟ್ಟುತ್ತದೆ, ಗಾಡಿ ಕದಲುವುದಿಲ್ಲ. ಕೆಲವರು ಬಿಡಿ ಬೆಲ್ಟ್ ಹೊತ್ತೊಯ್ಯುತ್ತಾರೆ, ಆದರೆ ಅದನ್ನು ಹಾಕಬೇಕಾದರೆ ಪುಲಿಯನ್ನು ತಿರುಗದಂತೆ ಹಿಡಿಯುವ ಸಾಧನ, ಅದರ ನಟ್ಟಿಗೆ ಸಾಕೆಟ್, ಹೊರಕವಚದ ಹತ್ತಾರು ಬೋಲ್ಟುಗಳು ಎಲ್ಲ ಸೇರಿ ಅರ್ಧ ಗ್ಯಾರೇಜೇ ಬೇಕಾಗುತ್ತದೆ. ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರಿಗೆ ಬೆಲ್ಟನ್ನು ಪರೀಕ್ಷೆ ಮಾಡಿಸುವುದೇ ನಿಮ್ಮ ಬಿಡಿಭಾಗ. ಬಹಳ ದೂರದ, ಅಂಗಡಿಗಳಿಲ್ಲದ ಹಾದಿಯಾದರೆ ಬೆಲ್ಟ್ ಒಂದಿರಲಿ. ನಿಮಗೆ ಹಾಕಲು ಬಾರದಿದ್ದರೂ ದಾರಿಯ ಮೆಕ್ಯಾನಿಕ್ ಬಳಿ ಆ ಅಳತೆಯದು ಸಿಗುವವರೆಗೆ ದಿನಗಟ್ಟಲೆ ಕಾಯುವುದು ತಪ್ಪುತ್ತದೆ.

ಉಳಿದಂತೆ ಪಂಕ್ಚರ್ ಕಿಟ್, ಪ್ಲಗ್ ಮತ್ತು ಅದರ ಸ್ಪ್ಯಾನರ್, 10 ಮತ್ತು 12ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಫ್ಯೂಸ್, ತಲೆಗೆ ಕಟ್ಟಿಕೊಳ್ಳುವ ಟಾರ್ಚು ಸಾಕು. ಸೀಟಿನಡಿಯ ಡಿಕ್ಕಿಯ ಕೆಳಗೇ ಎಂಜಿನ್ ಇರುವುದರಿಂದ ಅಲ್ಲಿ ಬಿಸಿ ಹೆಚ್ಚು. ಸೊಲ್ಯೂಷನ್, ಒತ್ತಡದಲ್ಲಿ ತುಂಬಿದ ಸ್ಪ್ರೇ ಡಬ್ಬಿ, ಗ್ಯಾಸ್ ಕ್ಯಾಪ್ಸೂಲ್ ಇವನ್ನು ಡಿಕ್ಕಿಯಲ್ಲಿಡದೆ ಮುಂದಿನ ಕೊಕ್ಕೆಗೆ ತೂಗಿಸಿದ ಚೀಲದಲ್ಲಿಡಿ. ಬಿಡಿ ಬೀಗದ ಕೈಯನ್ನಂತೂ ಡಿಕ್ಕಿಯಲ್ಲಿ ಇಡಲೇಬೇಡಿ. ಸಾಮಾನು ತುಂಬುವಾಗ ಕೀಲಿಯನ್ನು ಒಳಗೆ ಹಾಕಿ ಸೀಟು ಒತ್ತಿಬಿಡುವುದು ಸ್ಕೂಟರಿನವರಿಗೆ ಆಗಾಗ ಆಗುವಂಥದ್ದು. ಆಗ ಎರಡೂ ಕೀಲಿಗಳು ಒಳಗೇ ಕೂತಿರುತ್ತವೆ.

ಪ್ರಶ್ನೆ: ಕ್ಲಚ್ ಕೇಬಲ್ ತುಂಡಾಗಿ ತೊಂದರೆಪಟ್ಟಿದ್ದೇನೆ. ಬಿಡಿ ಕೇಬಲ್ ಇಟ್ಟುಕೊಂಡರೂ ರಸ್ತೆಯಲ್ಲಿ ಹಾಕಲು ಬರುತ್ತದೆಯೆ?

ಉತ್ತರ: ಬರುತ್ತದೆ, ಅದಕ್ಕೊಂದು ಹಳೆಯ ಉಪಾಯವೂ ಇದೆ. ಕೇಬಲ್ ಹಾಕುವಾಗ ಸಮಯ ತಿನ್ನುವುದು ಅದನ್ನು ಹ್ಯಾಂಡಲ್ಲಿನಿಂದ ಟ್ಯಾಂಕಿನ ಅಡಿಯಲ್ಲಿ ಎಂಜಿನ್ನಿನವರೆಗೆ ಹಾಯಿಸುವ ಕೆಲಸ. ಆದ್ದರಿಂದ ದೂರದ ಪ್ರಯಾಣಕ್ಕೆ ಮುಂಚೆ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಅದೇ ಹಾದಿಯಲ್ಲಿ ಹಾಯಿಸಿ, ಎರಡೂ ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ ನೀರು ಇಳಿಯದಂತೆ ಮಾಡಿ, ಅಲ್ಲಲ್ಲಿ ಕೇಬಲ್ ಟೈನಿಂದ ಕಟ್ಟಿಡಿ. ಹಳೆಯದು ಹರಿದ ದಿನ ಎರಡು ತುದಿ ಬಿಚ್ಚಿ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಕಟ್ಟುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಬಿಡಿ ಕೇಬಲ್ ಎಲ್ಲೂ ಬಿಗಿಯಾಗಬಾರದು, ಆಕ್ಸಿಲರೇಟರ್ ಕೇಬಲಿಗೆ ಒತ್ತಬಾರದು.

ಕೇಬಲ್ ಮುನ್ಸೂಚನೆಯಿಲ್ಲದೆ ಹರಿಯುವುದು ಅಪರೂಪ. ಲಿವರಿನ ಬಳಿ, ತುದಿಯ ಸೀಸದ ಗುಂಡಿನ ಪಕ್ಕದಲ್ಲಿ, ಮೊದಲು ಒಂದೆರಡು ಎಳೆಗಳು ಬಿಚ್ಚಿ ಮುಳ್ಳಿನಂತೆ ಹೊರಚಾಚುತ್ತವೆ, ಕ್ಲಚ್ಚಿನ ಆಟ ದಿನದಿನಕ್ಕೂ ಹೆಚ್ಚುತ್ತದೆ. ಹೊರಡುವ ಹಿಂದಿನ ದಿನ ಅಲ್ಲೊಮ್ಮೆ ಟಾರ್ಚ್ ಹಾಕಿ ನೋಡಿದರೆ ಕೇಬಲ್ಲನ್ನು ಮನೆಯ ನೆರಳಿನಲ್ಲೇ ಬದಲಾಯಿಸಬಹುದು. ಇದರ ಜೊತೆಗೆ ಕ್ಲಚ್ ಲಿವರ್ ಮತ್ತು ಮುಂದಿನ ಬ್ರೇಕ್ ಲಿವರ್ ಒಂದೊಂದು ಇರಲಿ. ಗಾಡಿ ನಿಂತಲ್ಲೇ ಮಗುಚಿದರೂ ಮೊದಲು ಮುರಿಯುವುದು ಅವೇ.

ಪ್ರಶ್ನೆ: ಚೈನ್ ಲಾಕ್ ಇಟ್ಟುಕೊಳ್ಳಬೇಕೆ?

ಉತ್ತರ: ಚೈನಿನ ಎರಡು ತುದಿಗಳನ್ನು ಕೂಡಿಸುವ ಈ ಕೊಂಡಿಯನ್ನು ಇಟ್ಟುಕೊಳ್ಳಿ, ಆದರೆ ನಿಮ್ಮ ಚೈನಿನ ಅಳತೆಯದ್ದನ್ನೇ. ಚೈನಿನ ಬದಿಯಲ್ಲಿ 428 ಅಥವಾ 520 ಎಂದು ಕೆತ್ತಿರುತ್ತದೆ. ಒಂದರ ಲಾಕ್ ಇನ್ನೊಂದಕ್ಕೆ ಕೂರದು, ಏಕೆಂದರೆ ಮೊದಲನೆಯದರ ಕೊಂಡಿಗಳ ನಡುವಣ ಅಂತರ 12.7 ಮಿ.ಮೀ., ಎರಡನೆಯದರದು 15.875 ಮಿ.ಮೀ. ಲಾಕಿನ ಕ್ಲಿಪ್ಪನ್ನು ಹಾಕುವಾಗ ಅದರ ಮುಚ್ಚಿದ ದುಂಡು ತುದಿ ಚೈನು ಸಾಗುವ ದಿಕ್ಕಿಗಿರಬೇಕು, ಸೀಳಿದ ತುದಿ ಹಿಂದಕ್ಕೆ. ತಿರುವುಮುರುವಾದರೆ ಎಲ್ಲಾದರೂ ತಾಗಿ ಕ್ಲಿಪ್ ಕಳಚಿಕೊಳ್ಳುತ್ತದೆ. ರಿವಿಟ್ ಮಾಡಿದ ಚೈನಾಗಿದ್ದರೆ ಅದನ್ನು ತುಂಡರಿಸಿ ಜೋಡಿಸುವ ಸಾಧನವಿಲ್ಲದೆ ಲಾಕ್ ಒಂದೇ ಇದ್ದು ಫಲವಿಲ್ಲ.

ಪ್ರಶ್ನೆ: ನನ್ನ ಬೈಕಿನ 10 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಪರಿಚಿತರೊಬ್ಬರು 20 ಆಂಪಿಯರಿನದ್ದು ಹಾಕಿಕೊಟ್ಟರು, ಈಗ ಹೋಗುತ್ತಿಲ್ಲ. ಬಿಡಿ ಫ್ಯೂಸಾಗಿಯೂ 20ರದ್ದನ್ನೇ ಇಟ್ಟುಕೊಳ್ಳಲೆ?

ಉತ್ತರ: ದಯವಿಟ್ಟು ಇಂದೇ ಅದನ್ನು ತೆಗೆಯಿರಿ. ಫ್ಯೂಸ್ ಹೋಗುತ್ತಿದ್ದುದು ಎಲ್ಲೋ ವೈರಿನ ಹೊದಿಕೆ ಉಜ್ಜಿ ಚಾಸಿಗೆ ತಾಗುತ್ತಿದೆ, ಅಥವಾ ಆಮೇಲೆ ಕೂಡಿಸಿದ ಹಾರ್ನ್, ದೀಪ ಹೆಚ್ಚು ವಿದ್ಯುತ್ ಎಳೆಯುತ್ತಿದೆ ಎಂದು ಹೇಳುವುದಕ್ಕೆ. ಈಗ ಫ್ಯೂಸ್ ಹೋಗುವ ಬದಲು ವೈರೇ ಬಿಸಿಯಾಗುತ್ತಿರುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಸಿಗರೇಟಿನ ಬೆಳ್ಳಿಕಾಗದ ಸುತ್ತುವುದೂ ಇದೇ ಜಾತಿಯ ಅಪಾಯ. ಬ್ಲೇಡ್ ಫ್ಯೂಸುಗಳ ಬಣ್ಣ ಎಲ್ಲೆಡೆ ಒಂದೇ: 7.5 ಆಂಪಿಯರ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನಿಮ್ಮ ಫ್ಯೂಸ್ ಪೆಟ್ಟಿಗೆಯಲ್ಲಿ ಯಾವ ಯಾವ ಬಣ್ಣಗಳಿವೆಯೋ ಆ ಬಣ್ಣದ ಎರಡೆರಡನ್ನು, ಅದೇ ಗಾತ್ರದವನ್ನು ಇಟ್ಟುಕೊಳ್ಳಿ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ಎರಡನೆಯದನ್ನು ಬಲಿಕೊಡಬೇಡಿ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಬಳಿ ಮತ್ತು ಸೀಟಿನ ಕೆಳಗೆ ವೈರ್ ಉಜ್ಜಿರುವ ಜಾಗವನ್ನು ಹುಡುಕಿ, ಇನ್ಸುಲೇಷನ್ ಟೇಪ್ ಸುತ್ತಿ, ಆಮೇಲೆ ಹಾಕಿ. ಟೇಪಿನ ಇಡೀ ಸುರುಳಿ ಹೊರಬೇಕಿಲ್ಲ, ಪಂಪಿನ ಮೈಗೇ ಹತ್ತು ಸುತ್ತು ಸುತ್ತಿಟ್ಟರೆ ಜಾಗವೇ ಬೇಡ.

ಪ್ರಶ್ನೆ: ತಂದೆಯವರ ಹಳೆಯ ಟೂ-ಸ್ಟ್ರೋಕ್ ಗೇರ್ ಸ್ಕೂಟರನ್ನು ಸರಿಪಡಿಸಿ ಓಡಿಸುತ್ತಿದ್ದೇನೆ. ಅವರು ಸ್ಟೆಪ್ನಿ ಮತ್ತು ಎರಡು ಪ್ಲಗ್ ಇಲ್ಲದೆ ಹೊರಡುತ್ತಲೇ ಇರಲಿಲ್ಲವಂತೆ. ಈಗಲೂ ಅಷ್ಟು ಬೇಕೆ?

ಉತ್ತರ: ತಂದೆಯವರ ಮಾತನ್ನು ಮೀರಬೇಡಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ಪ್ಲಗ್ಗಿನ ತುದಿಗೆ ಮಸಿ ಕಟ್ಟುವುದು ಅದರ ಹುಟ್ಟುಗುಣ. ಒಂದು ಹೊಸ ಪ್ಲಗ್, ಅದರ ಸ್ಪ್ಯಾನರ್, ಒಂದು ತುಂಡು ಮರಳು ಕಾಗದ, ಮತ್ತು ಅಳತೆಯ ಮುಚ್ಚಳವಿರುವ ಬಾಟಲಿಯಲ್ಲಿ ಟೂ-ಟಿ ಆಯಿಲ್ ಇರಲಿ. ಕೈಪಿಡಿ ಶೇಕಡಾ 2 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಹೊಸದಾದರೆ ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಹಳೆಯದಾದರೆ ಅದಕ್ಕಿಂತ ಬಹಳ ಕಡಿಮೆ. ಬಿಸಿ ಎಂಜಿನ್ನಿನ ಅಲ್ಯೂಮಿನಿಯಂ ಮರೆಗಳು (ತಿರುಪಿನ ಗೆರೆಗಳು) ಮೊದಲ ಸುತ್ತಿನಿಂದಲೇ ಸ್ಪ್ಯಾನರ್ ಹಿಡಿದವರನ್ನು ಕ್ಷಮಿಸುವುದಿಲ್ಲ.

ಸ್ಟೆಪ್ನಿ ನಿಮ್ಮ ಸ್ಕೂಟರಿನ ದೊಡ್ಡ ಸೌಕರ್ಯ. ವಿಮಾನಗಳ ಎಂಜಿನಿಯರಾಗಿದ್ದ ಕೊರಾಡಿನೊ ಡಿ'ಅಸ್ಕಾನಿಯೊ ರೂಪಿಸಿದ ವೆಸ್ಪಾ ಸ್ಕೂಟರ್ 1946ರಲ್ಲಿ ಬಂದಾಗ ಅದರ ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯ ಆಸರೆಯಲ್ಲಿ ಕೂರಿಸಲಾಗಿತ್ತು. ಹಾಗಾಗಿಯೇ ನಟ್ಟುಗಳನ್ನು ತೆಗೆದು ಚಕ್ರವನ್ನು ಪಕ್ಕಕ್ಕೆ ಎಳೆದುಕೊಳ್ಳುವುದು ಸಾಧ್ಯವಾಯಿತು. ಅಂದ ಹಾಗೆ, ಸ್ಟೆಪ್ನಿ ಎಂಬ ಮಾತು ವೇಲ್ಸಿನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯದು. ಕಾರುಗಳಿಗೆ ಬಿಡಿ ಚಕ್ರವೇ ಇಲ್ಲದ ಕಾಲದಲ್ಲಿ, 1904ರಲ್ಲಿ, ಥಾಮಸ್ ಮಾರಿಸ್ ಡೇವಿಸ್ ಎಂಬವರು ಅಲ್ಲಿ ರೂಪಿಸಿದ ಬಿಡಿ ಚಕ್ರದ ಹೆಸರು ನಮ್ಮ ನಾಲಿಗೆಯಲ್ಲಿ ಉಳಿದುಕೊಂಡಿದೆ.

ಒಂದು ಅಪಾಯದ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಈ ಚಕ್ರದ ರಿಮ್ ಎರಡು ಹೋಳುಗಳದ್ದು. ಚಕ್ರವನ್ನು ಡ್ರಮ್ಮಿಗೆ ಹಿಡಿದಿರುವ ನಟ್ಟುಗಳು ಬೇರೆ, ಹೋಳುಗಳನ್ನು ಒಂದಕ್ಕೊಂದು ಹಿಡಿದಿರುವ ನಟ್ಟುಗಳು ಬೇರೆ. ಟಯರಿನಲ್ಲಿ ಗಾಳಿ ಇರುವಾಗ ಎರಡನೆಯ ಬಗೆಯ ನಟ್ಟುಗಳನ್ನು ಸಡಿಲಿಸಿದರೆ ರಿಮ್ ಸಿಡಿದು ಮುಖಕ್ಕೆ ಬರುತ್ತದೆ. ಯಾವುವು ಯಾವುದೆಂದು ಮನೆಯಲ್ಲೇ ಗುರುತಿಸಿ, ಮುಟ್ಟಬಾರದ ನಟ್ಟುಗಳಿಗೆ ಕೆಂಪು ಬಣ್ಣ ಹಚ್ಚಿಡಿ. ಮತ್ತು ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ತಿಂಗಳಿಗೊಮ್ಮೆ ಒತ್ತಿ ನೋಡಿ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರಿಗೆ ಟೂಲ್ ಕಿಟ್ ಬೇಕೆ?

ಉತ್ತರ: ಚಿಕ್ಕದು. ಪಂಕ್ಚರ್ ಬತ್ತಿ, ಪಂಪ್, ಫ್ಯೂಸ್, ಕನ್ನಡಿ-ಲಿವರ್ ಬಿಗಿಮಾಡುವ ಸ್ಪ್ಯಾನರ್ ಮತ್ತು ಅಲೆನ್ ಕೀ, ಜೊತೆಗೆ ಚಾರ್ಜರ್. ಮೋಟಾರು ಹಿಂದಿನ ಚಕ್ರದ ಒಳಗೇ ಇರುವ ಗಾಡಿಯಲ್ಲಿ ಅದರ ವೈರುಗಳು ಆ್ಯಕ್ಸಲ್ಲಿನ ಮೂಲಕ ಬರುವುದರಿಂದ ಆ ಚಕ್ರವನ್ನು ರಸ್ತೆಯಲ್ಲಿ ಬಿಚ್ಚಲು ಹೋಗಬೇಡಿ. ಬ್ಯಾಟರಿ ಪೆಟ್ಟಿಗೆಯನ್ನು ತೆರೆಯುವ ಯಾವ ಉಪಕರಣವೂ ನಿಮ್ಮ ಚೀಲದಲ್ಲಿ ಇರಬಾರದು.

ಪ್ರಶ್ನೆ: ಇಷ್ಟನ್ನೆಲ್ಲ ಎಲ್ಲಿಡುವುದು? ನಾನು ಬೆನ್ನಿನ ಚೀಲದಲ್ಲಿ ಹಾಕಿಕೊಳ್ಳುತ್ತೇನೆ, ಹಾದಿಯುದ್ದಕ್ಕೂ ಗಲಗಲ ಸದ್ದು ಬೇರೆ.

ಉತ್ತರ: ಬೆನ್ನಿನ ಮೇಲೆ ಕಬ್ಬಿಣ ಹೊರುವುದನ್ನು ಬಿಡಿ. ಬಿದ್ದಾಗ ಸ್ಪ್ಯಾನರಿನ ಮೇಲೆ ಬೆನ್ನುಮೂಳೆ ಬರುತ್ತದೆ. ಜೇಬಿನಲ್ಲಿಟ್ಟ ಸ್ಕ್ರೂಡ್ರೈವರಿಗೂ ಇದೇ ಮಾತು. ಭಾರವಾದದ್ದು ಗಾಡಿಯ ನಡುಭಾಗದಲ್ಲಿ, ಆದಷ್ಟು ಕೆಳಗೆ ಇರಬೇಕು. ಹಿಂದಿನ ಕ್ಯಾರಿಯರಿನ ತುದಿಯಲ್ಲಿ ಕಟ್ಟಿದ ಮೂರು ಕಿಲೋ ತಿರುವುಗಳಲ್ಲಿ ಆರು ಕಿಲೋದಂತೆ ಎಳೆಯುತ್ತದೆ. ಸೀಟಿನ ಕೆಳಗೆ, ಪಕ್ಕದ ಕವಚದ ಒಳಗೆ, ಅಥವಾ ಎಂಜಿನ್ ಗಾರ್ಡಿಗೆ ಬಿಗಿದ ಚಿಕ್ಕ ಪೆಟ್ಟಿಗೆಯಲ್ಲಿ ಜಾಗ ಹುಡುಕಿ.

ಗಲಗಲ ಸದ್ದೆಂದರೆ ಉಪಕರಣಗಳು ಒಂದನ್ನೊಂದು ಉಜ್ಜಿ ಸವೆಯುತ್ತಿವೆ ಎಂದರ್ಥ. ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಒಂದೊಂದಕ್ಕೂ ಒಂದು ಸಂದು ಹೊಲಿಸಿ, ಚಾಪೆಯಂತೆ ಸುರುಳಿ ಸುತ್ತಿ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ ಹಾಕಿ. ಬಿಚ್ಚಿ ಹಾಸಿದರೆ ಅದೇ ಕೆಲಸದ ಮೇಜು. ಖಾಲಿ ಉಳಿದ ಸಂದೇ ಹುಲ್ಲಿನಲ್ಲಿ ಬಿದ್ದ ಸ್ಪ್ಯಾನರ್ ಯಾವುದೆಂದು ಹೇಳುತ್ತದೆ. ಸುರುಳಿಯೊಳಗೆ ಎಣ್ಣೆ ಸವರಿದ ಒಂದು ಬಟ್ಟೆ ತುಂಡು ಇದ್ದರೆ ಮಳೆಗಾಲದಲ್ಲೂ ತುಕ್ಕು ಹತ್ತುವುದಿಲ್ಲ. ಸಣ್ಣ ಸಾಮಾನುಗಳಾದ 6 ಮತ್ತು 8 ಮಿ.ಮೀ. ಬೋಲ್ಟು-ನಟ್ಟು ಕೆಲವು, ಆ್ಯಕ್ಸಲ್ಲಿನ ಕಾಟರ್ ಪಿನ್, ಫ್ಯೂಸ್, ವಾಲ್ವ್ ಪಿನ್ ಇವು ಮಾತ್ರೆಯ ಡಬ್ಬಿಯೊಂದರಲ್ಲಿ ಹತ್ತಿಯ ನಡುವೆ ಇರಲಿ. ಟಾರ್ಚಿನಿಂದ ಸೆಲ್ಲುಗಳನ್ನು ಹೊರತೆಗೆದು ಬೇರೆಯಾಗಿಡಿ, ಒಳಗೇ ಇದ್ದರೆ ತಿಂಗಳುಗಳಲ್ಲಿ ಸೋರಿ ಟಾರ್ಚನ್ನು ಹಾಳುಮಾಡುತ್ತವೆ.